ಉಗುರು, ನಾಲಿಗೆ, ಕಾಲಿನ ಜೋಮು: ಇದರಲ್ಲಿ ನಿಜವಾದ ವಿಟಮಿನ್ ಕೊರತೆ ಯಾವುದು?

ಸಪ್ತಾಪುರ ಹುಡುಗಿ (ಧಾರವಾಡ)
ಎಲ್ಲರಿಗೂ ನಮಸ್ಕಾರ. ನನ್ನ ಊರು ರೋಣ ತಾಲ್ಲೂಕು. ಪಿಎಸ್‌ಐ, ಕೆಎಎಸ್ ಅಂತ ಸಪ್ತಾಪುರದಲ್ಲಿ ಪಿಜಿ ಹಿಡಿದು ಓದುತ್ತಿದ್ದೇನೆ. ಮೊನ್ನೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಚಾರ್ಟ್ ಬಂತು. ಉಗುರಿನಲ್ಲಿ ಬಿಳಿ ಚುಕ್ಕೆ ಇದ್ದರೆ ಕ್ಯಾಲ್ಸಿಯಂ ಇಲ್ಲ. ಕೂದಲು ಉದುರಿದರೆ ಬಯೋಟಿನ್ ಇಲ್ಲ. ಮೀನಖಂಡ ಹಿಡಿದರೆ ಮೆಗ್ನೀಷಿಯಂ, ವಸಡಿನಲ್ಲಿ ರಕ್ತ ಬಂದರೆ ವಿಟಮಿನ್ ಸಿ, ತುಟಿ ಮೂಲೆ ಒಡೆದರೆ ಬಿ2. ಆ ಲೆಕ್ಕ ಹಿಡಿದರೆ ನನಗೆ ಇಲ್ಲದ ಕೊರತೆಯೇ ಇಲ್ಲ.

ಸದ್ಯ ನನ್ನ ಕಷ್ಟ ಇಷ್ಟು. ಮೂರನೇ ಮಹಡಿಯ ರೂಮಿಗೆ ಹತ್ತುವಷ್ಟರಲ್ಲಿ ಎದೆ ಡವಡವ ಅನ್ನುತ್ತದೆ. ನಾಲಿಗೆ ಕೆಂಪಗೆ, ನುಣ್ಣಗೆ ಆಗಿದೆ. ಮೆಸ್ಸಿನ ಸಾರು ತಾಗಿದರೆ ಉರಿ. ಮೊದಲು ಜಾಸ್ತಿ ಹೊತ್ತು ಕೂತು ಓದಿದರೆ ಮಾತ್ರ ಪಾದ ಜುಮುಜುಮು ಅನ್ನುತ್ತಿತ್ತು, ಈಗ ಸುಮ್ನೆ ಮಲಗಿದ್ದರೂ ಜೋಮು. ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ. ನಮ್ಮ ಮನೆಯಲ್ಲಿ ಮೊಟ್ಟೆಯೂ ತಿನ್ನುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿದ್ದಕ್ಕೆ ಬಿ ಕಾಂಪ್ಲೆಕ್ಸ್ ಕೊಟ್ಟರು. ಇನ್ನೂ ನುಂಗಿಲ್ಲ. ನುಂಗಲಾ, ಮೊದಲು ಟೆಸ್ಟ್ ಮಾಡಿಸಲಾ? ಪ್ಯಾಕೇಜ್ ಅಂತ ಮೂರು ಸಾವಿರ ಕೇಳುತ್ತಾರೆ. ಪಿಜಿ ಬಾಡಿಗೆ ಕಟ್ಟಬೇಕು, ಅಷ್ಟು ದುಡ್ಡಿಲ್ಲ.

ಬ್ಯಾಡಗಿ ಮೆಣಸಿನಕಾಯಿ
ಮೂರನೇ ಮಹಡಿ ಹತ್ತಿದರೆ ನನಗೂ ಡವಡವ. ಅದು ವಿಟಮಿನ್ ಕೊರತೆ ಅಲ್ಲ ತಂಗಿ, ಲಿಫ್ಟ್ ಕೊರತೆ.

ಜೋಳದ ರೊಟ್ಟಿ (ನವಲಗುಂದ)
ನಗೆಚಾಟಿಕೆ ಬಿಡ್ರಿ. ತಂಗಿ, ನಿಮ್ಮ ತೊಂದರೆ ಎಲ್ಲ ಮೆಸ್ಸಿನ ಅನ್ನದ್ದು. ನಮ್ಮ ಕಾಲದಲ್ಲಿ ರೊಟ್ಟಿ, ಹೆಸರುಕಾಳಿನ ಪಲ್ಲೆ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಹೊಲದಿಂದ ಕಿತ್ತು ತಂದ ಹಕ್ಕರಕಿ. ಯಾರಿಗೂ ವಿಟಮಿನ್ ಹೆಸರು ಗೊತ್ತಿರಲಿಲ್ಲ, ಯಾರಿಗೂ ಕೊರತೆಯೂ ಇರಲಿಲ್ಲ. ಊರಿನಿಂದ ರೊಟ್ಟಿ ಬುತ್ತಿ ತರಿಸಿಕೊಳ್ಳಿ, ತಿಂಗಳೊಳಗೆ ಸರಿಹೋಗುತ್ತದೆ.

ರಾತ್ರಿಪಾಳಿ ಡಾಕ್ಟರ್ (ಹುಬ್ಬಳ್ಳಿ)
ಸಪ್ತಾಪುರ ಅವರೇ, ಮಾತ್ರೆ ನುಂಗದೇ ಇದ್ದದ್ದು ಒಳ್ಳೆಯದಾಯಿತು. ಮೊದಲು ರಕ್ತ ಕೊಡಿ. ಬಿ ಕಾಂಪ್ಲೆಕ್ಸಿನಲ್ಲಿ ಸಾಮಾನ್ಯವಾಗಿ ಸ್ವಲ್ಪ ಬಿ12 ಇರುತ್ತದೆ, ಕೆಲವದರಲ್ಲಿ ಫೋಲಿಕ್ ಆಸಿಡ್ ಕೂಡ. ನಾಲ್ಕು ದಿನ ನುಂಗಿ ಟೆಸ್ಟ್ ಮಾಡಿಸಿದರೆ ರಿಪೋರ್ಟಿನಲ್ಲಿ ಬಿ12 ಚೆನ್ನಾಗಿ ಕಾಣುತ್ತದೆ, ನರಕ್ಕೆ ಬೇಕಾದಷ್ಟು ಸಿಕ್ಕಿರುವುದಿಲ್ಲ. ಬರೀ ಫೋಲಿಕ್ ಆಸಿಡ್ ತಗೊಂಡರೆ ಇನ್ನೂ ಮೋಸ. ರಕ್ತ ಸುಧಾರಿಸಿದಂತೆ ಕಾಣುತ್ತದೆ, ನರದ ಹಾನಿ ಮಾತ್ರ ಒಳಗೇ ಮುಂದುವರಿಯುತ್ತದೆ.

ಪ್ಯಾಕೇಜ್ ಬೇಡ. ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ವಿಟಮಿನ್ ಬಿ12, ಟಿಎಸ್‌ಎಚ್ (ಥೈರಾಯ್ಡ್ ಟೆಸ್ಟ್), ಒಂದು ಶುಗರ್. ಸಿಬಿಸಿ, ಶುಗರ್ ಸರ್ಕಾರಿ ಆಸ್ಪತ್ರೆಯಲ್ಲೇ ಆಗುತ್ತವೆ.

ಅದಕ್ಕೂ ಮೊದಲು ಕೆಲವು ಪ್ರಶ್ನೆ. ಮುಜುಗರ ಪಡದೆ ಹೇಳಿ, ಹೆಸರು ಯಾರಿಗೂ ಗೊತ್ತಿಲ್ಲ. ಮುಟ್ಟಿನ ಸ್ರಾವ ಜಾಸ್ತಿಯಾ, ಗಡ್ಡೆ ಗಡ್ಡೆ ಹೋಗುತ್ತದಾ? ಹಸಿ ಅಕ್ಕಿ, ಬಳಪ, ಮಣ್ಣು ತಿನ್ನಬೇಕು ಅನಿಸುತ್ತದಾ? ಬೆರಳಿನ ಗೆಣ್ಣುಗಳು ಮೊದಲಿಗಿಂತ ಕಪ್ಪಾಗಿವೆಯಾ? ಆಸಿಡಿಟಿ ಮಾತ್ರೆ ದಿನಾ ತಗೊಳ್ಳುತ್ತೀರಾ? ಕಣ್ಣು ಮುಚ್ಚಿ ನಿಂತರೆ ತೂರಾಡಿದ ಹಾಗೆ ಆಗುತ್ತದಾ?

ಸಪ್ತಾಪುರ ಹುಡುಗಿ
ಸ್ರಾವ ಜಾಸ್ತಿನೇ, ಮೊದಲ ಎರಡು ದಿನ ಲೈಬ್ರರಿಗೆ ಹೋಗುವುದಿಲ್ಲ. ಗೆಣ್ಣು ಕಪ್ಪಾಗಿವೆ. ಬಿಸಿಲಿಗೆ ಅಂದುಕೊಂಡಿದ್ದೆ. ತೂರಾಟ ಇಲ್ಲ. ಆಸಿಡಿಟಿ ಮಾತ್ರೆ ಯಾವಾಗಲೋ ಒಮ್ಮೆ. ಹಸಿ ಅಕ್ಕಿ ವಿಷಯ ನಿಮಗೆ ಹೇಗೆ ಗೊತ್ತಾಯಿತು? ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ, ಓದುವಾಗ ಬಾಯಾಡುತ್ತಾ ಇರುತ್ತದೆ. ರೂಮ್‌ಮೇಟ್ ಬಳಪ ತಿನ್ನುತ್ತಾಳೆ. ಇಬ್ಬರೂ ಚಟ ಅಂದುಕೊಂಡಿದ್ದೆವು.

ಹಾನಗಲ್ ಆಶಾ
ಚಟ ಅಲ್ಲ ತಂಗಿ. ನಮ್ಮ ಆಶಾ ಕಾರ್ಯಕರ್ತೆಯರ ಟ್ರೇನಿಂಗಿನಲ್ಲಿ ಇದನ್ನೇ ಮೊದಲು ಕೇಳಲು ಹೇಳುತ್ತಾರೆ. ಬಸುರಿ ಹೆಣ್ಣುಮಕ್ಕಳು ಗೋಡೆ ಮಣ್ಣು ಕೆರೆದು ತಿನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅತ್ತೆಯರು ಬಯಕೆ ಅಂತ ಸುಮ್ಮನಿರುತ್ತಾರೆ. ಕಬ್ಬಿಣದ ಅಂಶ ಕಡಿಮೆ ಆದವರಿಗೆ ಹೀಗೆ ಮಣ್ಣು, ಬಳಪ, ಅಕ್ಕಿ, ಐಸ್ ತಿನ್ನುವ ಆಸೆ ಬರುತ್ತದೆ. ಎಲ್ಲರಿಗೂ ಬರಬೇಕು ಅಂತಿಲ್ಲ. ಆದರೆ ಬಂದಿದ್ದರೆ ರಕ್ತ ನೋಡಿಸಲೇಬೇಕು.

ಮನೆಯಲ್ಲೇ ನೋಡುವುದು ಹೇಗೆ ಅಂದರೆ, ಕಿಟಕಿ ಪಕ್ಕ ಬೆಳಕಿಗೆ ನಿಂತು ಕನ್ನಡಿ ಹಿಡಿಯಿರಿ. ಕೆಳಗಿನ ರೆಪ್ಪೆಯನ್ನು ಬೆರಳಿನಿಂದ ಕೆಳಗೆ ಎಳೆಯಿರಿ. ರೆಪ್ಪೆಯ ಒಳಗಿನ ಅಂಚು ಕೆಂಪು ಗೆರೆಯ ಹಾಗೆ ಎದ್ದು ಕಾಣಬೇಕು. ಅಂಚಿಗೂ ಒಳಭಾಗಕ್ಕೂ ಬಣ್ಣದ ವ್ಯತ್ಯಾಸ ಇಲ್ಲದೆ ಎಲ್ಲ ಒಂದೇ ತೆಳು ಬಣ್ಣ ಇದ್ದರೆ ಅನುಮಾನ ಪಡಬೇಕು. ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ, ಎಲ್ಲರೂ ಬಿಳಿಚಿಕೊಂಡೇ ಕಾಣುತ್ತಾರೆ. ಅಂಗೈ ಗೆರೆಗಳನ್ನೂ ನೋಡಿ. ಉಗುರು ಒಳಕ್ಕೆ ಗುಳಿ ಬಿದ್ದಿದೆಯಾ ನೋಡಲು ಒಂದು ಹನಿ ನೀರು ಹಾಕಿ. ಹನಿ ಜಾರದೆ ಕೂತರೆ ಉಗುರು ತಗ್ಗಾಗಿದೆ ಅಂತ ಅರ್ಥ. ಅಷ್ಟು ಆಗಬೇಕಾದರೆ ಕೊರತೆ ಬಹಳ ದಿನದ್ದು.

ಬ್ಯಾಡಗಿ ಮೆಣಸಿನಕಾಯಿ
ನನ್ನ ಉಗುರಿನ ಮೇಲೆ ಹನಿ ಕೂತಿತು. ಮನೆಯವಳ ಉಗುರಿನ ಮೇಲೆ ಜಾರಿತು. ಈಗ ಅವಳು ಬೆಳಗ್ಗೆಯಿಂದ ಇದನ್ನೇ ಹೇಳುತ್ತಿದ್ದಾಳೆ.

ರಾತ್ರಿಪಾಳಿ ಡಾಕ್ಟರ್
ಮೆಣಸಿನಕಾಯಿ ಅವರೇ, ತಮಾಷೆಯ ನಡುವೆ ನೀವೂ ಒಂದು ಸಿಬಿಸಿ ಮಾಡಿಸಿ. ನಿಮ್ಮ ಹಾಗೆ ಗಂಡಸರಲ್ಲಿ ಕಬ್ಬಿಣದ ಕೊರತೆ ಕಂಡರೆ ನಾವು ಊಟದ ಬಗ್ಗೆ ಆಮೇಲೆ ಕೇಳುತ್ತೇವೆ. ರಕ್ತ ಎಲ್ಲಿ ಸೋರುತ್ತಿದೆ ಅನ್ನುವುದು ಮೊದಲ ಪ್ರಶ್ನೆ. ಮೂಲವ್ಯಾಧಿ, ಹೊಟ್ಟೆ ಹುಣ್ಣು, ನೋವಿನ ಮಾತ್ರೆ, ಕೆಲವೊಮ್ಮೆ ಕರುಳಿನ ಗಂಟು. ಮುಟ್ಟು ನಿಂತ ಹೆಂಗಸರಿಗೂ ಇದೇ ಮಾತು.

ಇನ್ನು ಆ ಚಾರ್ಟ್. ಉಗುರಿನ ಮೇಲಿನ ಬಿಳಿ ಚುಕ್ಕೆ ಹೆಚ್ಚಾಗಿ ಬುಡಕ್ಕೆ ಬಿದ್ದ ಸಣ್ಣ ಪೆಟ್ಟಿನಿಂದ ಬರುತ್ತದೆ. ಉಗುರು ಬೆಳೆದ ಹಾಗೆ ಮುಂದೆ ಹೋಗಿ ಕತ್ತರಿಗೆ ಸಿಗುತ್ತದೆ. ಕ್ಯಾಲ್ಸಿಯಂಗೂ ಅದಕ್ಕೂ ಸಂಬಂಧ ಇಲ್ಲ. ಮಕ್ಕಳ ಕೆನ್ನೆಯ ಮೇಲೆ ಬರುವ ತಿಳಿ ಬಿಳಿ ಮಚ್ಚೆಗೂ ಕ್ಯಾಲ್ಸಿಯಂ ಅಂತಾರೆ, ಜಂತು ಅಂತಾರೆ. ಬಹಳಷ್ಟು ಸಲ ಅದು ಒಣಚರ್ಮದ ತೊಂದರೆ. ಬಯೋಟಿನ್ ಕೊರತೆ ನಿಜವಾಗಿ ತೀರಾ ಅಪರೂಪ. ಕೂದಲು ಉದುರುತ್ತಿದ್ದರೆ ಕಬ್ಬಿಣ, ಥೈರಾಯ್ಡ್, ಇತ್ತೀಚೆಗೆ ಬಂದ ಜ್ವರ, ಹೆರಿಗೆ ಇವನ್ನು ಮೊದಲು ನೋಡಬೇಕು. ತುಟಿ ಮೂಲೆ ಒಡೆಯುವುದು ಬಿ2 ಇಲ್ಲದೆಯೂ ಆಗಬಹುದು, ಕಬ್ಬಿಣ ಇಲ್ಲದೆಯೂ ಆಗಬಹುದು, ಹಲ್ಲಿನ ಸೆಟ್ ಹಾಕಿದ ಅಜ್ಜಂದಿರಲ್ಲಿ ಜೊಲ್ಲು ನಿಂತು ಫಂಗಸ್ ಬಂದೂ ಆಗಬಹುದು. ಒಂದು ಲಕ್ಷಣಕ್ಕೆ ಒಂದು ವಿಟಮಿನ್ ಅಂತ ಗಂಟು ಹಾಕಿದ್ದೇ ಆ ಚಾರ್ಟಿನ ತಪ್ಪು.

ಜೊತೆ ಜೊತೆಗೆ ಬರುವ ಲಕ್ಷಣಕ್ಕೆ ಬೆಲೆ ಜಾಸ್ತಿ. ನುಣ್ಣನೆ ನಾಲಿಗೆ, ಪಾದದ ಜೋಮು, ಕಪ್ಪು ಗೆಣ್ಣು, ಮೊಟ್ಟೆ ಹಾಲು ಇಲ್ಲದ ಊಟ. ಇವು ನಾಲ್ಕೂ ಒಬ್ಬರಲ್ಲೇ ಇದ್ದರೆ ಬಿ12 ಅಂತ ನಾನು ಮೊದಲೇ ಬರೆದಿಡುತ್ತೇನೆ. ಅದರ ಮೇಲೆ ಹಸಿ ಅಕ್ಕಿ, ಸ್ರಾವ ಸೇರಿದರೆ ಕಬ್ಬಿಣವೂ ಇಲ್ಲ.

ದಂತವೈದ್ಯ (ಕೇಶ್ವಾಪುರ)
ವಸಡಿನ ಸಾಲು ನನಗೆ ಬಿಡಿ. ವಸಡಿನಲ್ಲಿ ರಕ್ತ ಬಂದು ನನ್ನ ಕುರ್ಚಿಗೆ ಬರುವವರಲ್ಲಿ ವಿಟಮಿನ್ ಸಿ ಕೊರತೆಯವರು ಸಿಗುವುದೇ ಕಷ್ಟ. ಹಲ್ಲಿನ ಬುಡದಲ್ಲಿ ಕಟ್ಟಿದ ಪಾಚಿ ತೆಗೆದರೆ ರಕ್ತ ನಿಲ್ಲುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು. ಬಾಯಿ ಉರಿ ಅಂತ ಹುಡುಗರು ಬರುತ್ತಾರೆ. ತಿಂಗಳುಗಟ್ಟಲೆ ಬಿ ಕಾಂಪ್ಲೆಕ್ಸ್ ನುಂಗಿರುತ್ತಾರೆ. ಮಿರ್ಚಿ ಭಜಿ ಬಿಡಿ, ಗಿರ್ಮಿಟ್ ಕೂಡ ತಿನ್ನಲಾಗುವುದಿಲ್ಲ. ಬಾಯಿ ತೆಗೆಯಿರಿ ಅಂದರೆ ಎರಡು ಬೆರಳು ಹೋಗುವಷ್ಟೇ ತೆರೆಯುತ್ತದೆ. ಕೆನ್ನೆಯ ಒಳಗೆ ಬೆರಳಾಡಿಸಿದರೆ ಗಟ್ಟಿ ಪಟ್ಟಿಗಳು ತಾಗುತ್ತವೆ. ಅಡಿಕೆ, ಗುಟ್ಕಾದಿಂದ ಬರುವ ಕಾಯಿಲೆ ಅದು, ಮುಂದೆ ಕ್ಯಾನ್ಸರ್ ಆಗುವ ಸಾಧ್ಯತೆ ಇರುತ್ತದೆ. ಅಡಿಕೆ ಜಗಿಯುವವರು ಉರಿ ಬಂದರೆ ಮೆಡಿಕಲ್ ಶಾಪಿಗೆ ಹೋಗಬೇಡಿ. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಇಟ್ಟು ನೋಡಿ. ಹೋಗದಿದ್ದರೆ ದಂತವೈದ್ಯರ ಹತ್ತಿರ ಬನ್ನಿ. ಹೋದರೂ ಉರಿ ಇದ್ದರೆ ಬನ್ನಿ.

ವಿದ್ಯಾನಗರ ಸೊಸೆ (ಹುಬ್ಬಳ್ಳಿ)
ಜೋಮು ಅಂದ ಕೂಡಲೇ ನಮ್ಮ ಅತ್ತೆಯವರು ನೆನಪಾದರು. ಹದಿನೈದು ವರ್ಷದಿಂದ ಶುಗರ್, ಮೆಟ್‌ಫಾರ್ಮಿನ್ ಮಾತ್ರೆ. ಪಾದ ಉರಿ, ಹತ್ತಿಯ ಮೇಲೆ ನಡೆದ ಹಾಗೆ ಆಗುತ್ತದೆ ಅನ್ನುತ್ತಿದ್ದರು. ಎಲ್ಲರೂ ಶುಗರಿನದೇ ಅಂದರು. ಯಾರೂ ಬಿ12 ನೋಡಿರಲಿಲ್ಲ. ಬೇರೆ ಡಾಕ್ಟರ್ ನೋಡಿಸಿದಾಗ ಬಹಳ ಕಡಿಮೆ ಬಂತು.

ಅದಕ್ಕಿಂತ ಮೊದಲಿನ ಕಥೆ ಬೇರೆ. ಮಂಡಿ ನೋವು ಅಂತ ಹೋದ ಒಂದು ಕ್ಲಿನಿಕ್ಕಿನಲ್ಲಿ ಟೆಸ್ಟ್ ಇಲ್ಲದೆ ವಿಟಮಿನ್ ಡಿ ಇಂಜೆಕ್ಷನ್ ಹಾಕಿದರು. ಮತ್ತೆ ಹೋದಾಗ ಮತ್ತೊಂದು. ಮನೆಯಲ್ಲಿ ವಾರಕ್ಕೊಂದು 60,000 ಯೂನಿಟ್ಟಿನ ವಿಟಮಿನ್ ಡಿ ಸ್ಯಾಷೆ ಬೇರೆ ನಡೆಯುತ್ತಿತ್ತು. ಅದನ್ನು ಅವರೂ ಕೇಳಲಿಲ್ಲ. ಆಮೇಲೆ ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ, ಮಾತಿನಲ್ಲಿ ಗೊಂದಲ. ಅಡ್ಮಿಟ್ ಮಾಡಿದಾಗ ರಕ್ತದಲ್ಲಿ ಕ್ಯಾಲ್ಸಿಯಂ ಏರಿತ್ತು. ವಿಟಮಿನ್ ತಾನೇ, ಜಾಸ್ತಿ ಆದರೆ ಏನಾಗುತ್ತದೆ ಅನ್ನುವವರಿಗೆ ಇದನ್ನು ಹೇಳುತ್ತಿದ್ದೇನೆ.

ರಾತ್ರಿಪಾಳಿ ಡಾಕ್ಟರ್
ಅಕ್ಕಾವ್ರೆ, ಇದನ್ನು ಬರೆದದ್ದು ಬಹಳ ಉಪಯೋಗ. ಬಿ ಗುಂಪಿನವು, ಸಿ ಇವು ನೀರಿನಲ್ಲಿ ಕರಗುತ್ತವೆ, ಜಾಸ್ತಿಯಾದದ್ದು ಬಹುಮಟ್ಟಿಗೆ ಮೂತ್ರದಲ್ಲಿ ಹೋಗುತ್ತದೆ. ಎ, ಡಿ ಹಾಗಲ್ಲ, ಮೈಯಲ್ಲೇ ಉಳಿದು ಕೂಡುತ್ತವೆ. ಬಿ ಗುಂಪಿನಲ್ಲೂ ಬಿ6 ಅಂತ ಒಂದಿದೆ. ‘ನರದ ಮಾತ್ರೆ’ ಅಂತ ಹೆಚ್ಚು ಡೋಸಿನ ಬಿ6 ವರ್ಷಗಟ್ಟಲೆ ನುಂಗಿದರೆ ಅದರಿಂದಲೇ ಜೋಮು ಬರುತ್ತದೆ. ಟಿಬಿ ಔಷಧದ ಜೊತೆ ಬಿ6 ಕೊಡುತ್ತಾರೆ, ಅದು ಬೇರೆ ಲೆಕ್ಕ, ಅದನ್ನು ನಿಲ್ಲಿಸಬೇಡಿ.

ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡವರಲ್ಲಿ ಬಿ12 ಇಳಿಯುವುದು ಗೊತ್ತಿರುವ ವಿಷಯ. ಮಾತ್ರೆ ಬಿಡುವ ಅಗತ್ಯ ಇಲ್ಲ. ಆಗಾಗ ಬಿ12 ನೋಡಿಸಬೇಕು. ಪ್ಯಾಂಟೊಪ್ರಜೋಲ್ ತರಹದ ಆಸಿಡಿಟಿ ಮಾತ್ರೆಯನ್ನು ವರ್ಷಾನುಗಟ್ಟಲೆ ನುಂಗುವವರಿಗೂ ಹೀಗೇ.

ವಿಟಮಿನ್ ಡಿ ನಿಜವಾಗಿ ಕಡಿಮೆ ಆದಾಗ ಮಂಡಿಗಿಂತ ತೊಡೆ, ಸೊಂಟದಲ್ಲಿ ಶಕ್ತಿ ಕಡಿಮೆ ಆಗುತ್ತದೆ. ಪಂಕ್ತಿಯಲ್ಲಿ ಕೂತು ಊಟ ಮಾಡಿದವರು ನೆಲಕ್ಕೆ ಕೈ ಊರದೆ ಏಳಲಾರರು. ಮೂಳೆ ಒತ್ತಿದರೆ ನೋವು. ಇಂಥವರಿಗೆ 25 ಹೈಡ್ರಾಕ್ಸಿ ವಿಟಮಿನ್ ಡಿ ಟೆಸ್ಟ್ ಮಾಡಿಸಬಹುದು, 20ಕ್ಕಿಂತ ಕೆಳಗಿದ್ದರೆ ಕೊರತೆ ಅನ್ನುತ್ತೇವೆ. ಇಷ್ಟು ಬಿಸಿಲಿನ ಊರಲ್ಲಿ ಹೇಗೆ ಕೊರತೆ ಅಂತ ಕೇಳುತ್ತಾರೆ. ಬಿಸಿಲು ಊರಿಗೆ ಬಿದ್ದರೆ ಸಾಲದು, ಚರ್ಮಕ್ಕೆ ಬೀಳಬೇಕು. ಕಿಟಕಿ ಗಾಜಿನ ಒಳಗೆ ಕೂತು ಬಿಸಿಲು ಕಾಯಿಸಿದರೆ ಪ್ರಯೋಜನ ಇಲ್ಲ, ಬೇಕಾದ ಕಿರಣಗಳನ್ನು ಗಾಜು ತಡೆಯುತ್ತದೆ.

ಜೋಳದ ರೊಟ್ಟಿ
ನನ್ನ ರೊಟ್ಟಿ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ.

ಗದಗ ಲ್ಯಾಬ್
ಕಾಕಾ, ನಾನು ಕೊಡುತ್ತೇನೆ. ಅನ್ನಕ್ಕೆ ಹೋಲಿಸಿದರೆ ಜೋಳದಲ್ಲಿ ಕಬ್ಬಿಣ ಜಾಸ್ತಿ, ಸಜ್ಜೆಯಲ್ಲಿ ಇನ್ನೂ ಜಾಸ್ತಿ. ಅದು ಸರಿ. ಆದರೆ ಹಿಂದೆ ಕೊರತೆಯೇ ಇರಲಿಲ್ಲ ಅನ್ನುವುದನ್ನು ಒಪ್ಪಲಾರೆ. ಇದೇ ದಖ್ಖನಿನ ಜೋಳದ ಸೀಮೆಯಲ್ಲಿ ಬರೀ ಜೋಳ ತಿಂದು ಬದುಕುತ್ತಿದ್ದ ಬಡವರಿಗೆ ಪೆಲಾಗ್ರಾ ಬರುತ್ತಿತ್ತು. ನಯಾಸಿನ್, ಅಂದರೆ ವಿಟಮಿನ್ ಬಿ3 ಕೊರತೆಯ ಕಾಯಿಲೆ ಅದು. ಬಿಸಿಲು ಬಿದ್ದ ಕಡೆ ಚರ್ಮ ಕಪ್ಪಾಗಿ ಸುಲಿಯುತ್ತದೆ. ಕುತ್ತಿಗೆ ಸುತ್ತ ಸರ ಹಾಕಿದ ಹಾಗೆ ಪಟ್ಟಿ ಬೀಳುತ್ತದೆ. ಭೇದಿ ಆಗುತ್ತದೆ, ಕೊನೆಗೆ ಬುದ್ಧಿ ಭ್ರಮಣೆ. ಹೈದರಾಬಾದಿನ ಪ್ರಯೋಗಾಲಯದಲ್ಲಿ ಸಿ. ಗೋಪಾಲನ್, ಶ್ರೀಕಂಠಯ್ಯ ಇದರ ಮೇಲೆ ಕೆಲಸ ಮಾಡಿ, ಜೋಳದಲ್ಲಿರುವ ಲ್ಯೂಸಿನ್ ಅನ್ನುವ ಪ್ರೋಟೀನಿನ ಅಂಶ ಕಾರಣ ಅಂತ 1960ರಲ್ಲಿ ಬರೆದರು. ಆ ವಿವರಣೆಯ ಮೇಲೆ ಆಮೇಲೆ ವಾದಗಳೂ ನಡೆದವು. ನೀವು ಹೇಳಿದ ಹೆಸರುಕಾಳು, ಶೇಂಗಾ, ಮಜ್ಜಿಗೆ ಜೊತೆಗಿದ್ದವರಿಗೆ ಆ ಭಯ ಇರಲಿಲ್ಲ. ಬರೀ ರೊಟ್ಟಿ, ಖಾರ ತಿಂದವರಿಗೆ ಇತ್ತು.

ಜೋಳದ ರೊಟ್ಟಿ
ಬರೀ ರೊಟ್ಟಿ, ಖಾರ ತಿಂದವರು ನಮ್ಮ ಓಣಿಯಲ್ಲೂ ಇದ್ದರು. ಕುತ್ತಿಗೆ ಪಟ್ಟಿ ನೋಡಿದ ನೆನಪು ಇದೆ. ದೇವರ ಕಾಟ ಅನ್ನುತ್ತಿದ್ದರು. ಇರಲಿ, ಹಿಂಡಿ ಬಿಡಬೇಡ್ರಿ ಅನ್ನುವ ಮಾತು ನಾನು ವಾಪಸ್ ತಗೊಳ್ಳುವುದಿಲ್ಲ.

ಸಪ್ತಾಪುರ ಹುಡುಗಿ
ರಿಪೋರ್ಟ್ ಬಂತು. ಹಿಮೋಗ್ಲೋಬಿನ್ 10.6, ಎಂಸಿವಿ 86, ಆರ್‌ಡಿಡಬ್ಲ್ಯೂ 19, ಫೆರಿಟಿನ್ 8, ಬಿ12 138. ಟಿಎಸ್‌ಎಚ್, ಶುಗರ್ ನಾರ್ಮಲ್. ಎಂಸಿವಿ ನಾರ್ಮಲ್ ಇದೆ, ಹಾಗಾಗಿ ದೊಡ್ಡ ತೊಂದರೆ ಏನಿಲ್ಲ ಅಂದರು ಕೌಂಟರಿನಲ್ಲಿ. ಹೌದಾ?

ಗದಗ ಲ್ಯಾಬ್
ಕೌಂಟರಿನ ಮಾತು ಕೇಳಬೇಡಿ. ಎಂಸಿವಿ ಅಂದರೆ ಕೆಂಪು ರಕ್ತಕಣದ ಸರಾಸರಿ ಗಾತ್ರ, 80ರಿಂದ 100 ಇರಬೇಕು. ಕಬ್ಬಿಣ ಇಲ್ಲದಿದ್ದರೆ ಕಣ ಸಣ್ಣದಾಗುತ್ತದೆ, ಬಿ12 ಇಲ್ಲದಿದ್ದರೆ ದೊಡ್ಡದಾಗುತ್ತದೆ. ನಿಮ್ಮ ಮೈಯಲ್ಲಿ ಕಬ್ಬಿಣ, ಬಿ12 ಎರಡೂ ಕಡಿಮೆ. ಸಣ್ಣವೂ ದೊಡ್ಡವೂ ಸೇರಿ ಸರಾಸರಿ 86ಕ್ಕೆ ಬಂದು ಕೂತಿದೆ. ಶಾಲೆಯ ಒಂದನೇ ತರಗತಿಯವರನ್ನೂ ಹತ್ತನೇ ತರಗತಿಯವರನ್ನೂ ಒಟ್ಟಿಗೆ ನಿಲ್ಲಿಸಿ ಸರಾಸರಿ ಎತ್ತರ ತೆಗೆದ ಹಾಗೆ. ಆರ್‌ಡಿಡಬ್ಲ್ಯೂ 19 ಅದನ್ನೇ ಹೇಳುತ್ತಿದೆ. ಅದು ಗಾತ್ರದ ಏರುಪೇರಿನ ಅಳತೆ, ಸಾಮಾನ್ಯವಾಗಿ 15ರ ಒಳಗೆ ಇರಬೇಕು.

ಲ್ಯಾಬಿಗೆ ಬರುವವರಿಗೆ ಇನ್ನೆರಡು ಮಾತು. ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳೇ ಏರುತ್ತದೆ, ಆಗ ನಾರ್ಮಲ್ ಬಂದರೂ ನಂಬಬೇಡಿ. ಕೂದಲಿಗೆ ಅಂತ ಬಯೋಟಿನ್ ತಗೊಳ್ಳುತ್ತಿದ್ದರೆ ರಕ್ತ ಕೊಡುವ ಮೊದಲೇ ಹೇಳಿ. ಕೆಲವು ಮಷೀನುಗಳಲ್ಲಿ ಥೈರಾಯ್ಡ್ ರಿಪೋರ್ಟನ್ನೇ ಅದು ಕೆಡಿಸುತ್ತದೆ. ಹಾಗೇ, ಎಂಸಿವಿ 65, 70 ಇದ್ದೂ ಫೆರಿಟಿನ್ ಚೆನ್ನಾಗಿದ್ದರೆ ಸುಮ್ನೆ ಐರನ್ ಮಾತ್ರೆ ನುಂಗಬೇಡಿ. ಥಲಸ್ಸೀಮಿಯಾ ಅನ್ನುವ, ತಂದೆ ತಾಯಿಯಿಂದ ಮಕ್ಕಳಿಗೆ ಬರುವ ರಕ್ತದ ಕಾಯಿಲೆಯ ವಾಹಕರಲ್ಲಿ ಹಾಗಿರುತ್ತದೆ, ಅದಕ್ಕೆ ಬೇರೆ ಟೆಸ್ಟ್ ಇದೆ. ಮದುವೆಗೆ ಮೊದಲು ಗೊತ್ತಿದ್ದರೆ ಒಳ್ಳೆಯದು.

ರಾತ್ರಿಪಾಳಿ ಡಾಕ್ಟರ್
ಲ್ಯಾಬಿನವರು ನನ್ನ ಕೆಲಸ ಮುಗಿಸಿದರು. ಸಪ್ತಾಪುರ ಅವರೇ, ಡೋಸನ್ನು ನಿಮ್ಮನ್ನು ಕಣ್ಣಾರೆ ನೋಡಿದ ಡಾಕ್ಟರ್ ಬರೆಯಲಿ. ಜೋಮು ಇರುವುದರಿಂದ ಬಿ12ಗೆ ಮೊದಲು ಇಂಜೆಕ್ಷನ್ ಕೊಡುವುದು ವಾಡಿಕೆ. ನಾಲಿಗೆ ಬೇಗ ಸರಿಹೋಗುತ್ತದೆ, ನರಕ್ಕೆ ತಿಂಗಳುಗಳು ಬೇಕು. ಜಾಸ್ತಿ ತಡಮಾಡಿದ್ದರೆ ಪೂರ್ತಿ ವಾಪಸ್ ಬರುವುದಿಲ್ಲ, ಅದಕ್ಕೇ ಅವಸರ ಮಾಡಿದ್ದು. ಕಬ್ಬಿಣದ ಮಾತ್ರೆಯನ್ನು ಹಿಮೋಗ್ಲೋಬಿನ್ 12 ದಾಟಿದ ಕೂಡಲೇ ನಿಲ್ಲಿಸಬೇಡಿ. ಖಜಾನೆ ತುಂಬಲು ಇನ್ನೂ ಸುಮಾರು ಮೂರು ತಿಂಗಳು ಬೇಕು. ಹೊಟ್ಟೆ ತೊಳಸಿದರೆ ದಿನ ಬಿಟ್ಟು ದಿನ ತಗೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ. ಹಾಗೆ ಕೊಟ್ಟಾಗ ಒಂದೊಂದು ಮಾತ್ರೆಯಿಂದ ಹೀರಿಕೊಳ್ಳುವುದು ಜಾಸ್ತಿ ಅಂತ ಕಂಡುಬಂದಿದೆ. ಸ್ತ್ರೀರೋಗ ತಜ್ಞರಿಗೂ ತೋರಿಸಿ. ಸ್ರಾವ ಹಾಗೇ ಇದ್ದರೆ ಮಾತ್ರೆ ಹಾಕಿದಷ್ಟೂ ಸೋರಿ ಹೋಗುತ್ತದೆ.

ಮಾತ್ರೆ ನುಂಗಿ ಮೇಲೆ ಚಹಾ ಕುಡಿಯಬೇಡಿ. ಊಟ ಆದ ಕೂಡಲೇ ಚಹಾ ಕುಡಿಯುವುದು ಧಾರವಾಡದ ಮೆಸ್ಸುಗಳ ಪದ್ಧತಿ ಅಂತ ಗೊತ್ತು. ಗಂಟೆ ಬಿಟ್ಟು ಕುಡಿಯಿರಿ. ಊಟಕ್ಕೆ ಲಿಂಬೆ ಹಿಂಡಿಕೊಳ್ಳಿ. ಕ್ಯಾಲ್ಸಿಯಂ ಮಾತ್ರೆ ಇದ್ದರೆ ಬೇರೆ ಹೊತ್ತಿಗೆ.

ಸಪ್ತಾಪುರ ಹುಡುಗಿ
ಥ್ಯಾಂಕ್ಸ್ ಡಾಕ್ಟರ್. ಇಂಜೆಕ್ಷನ್ ಶುರುವಾಯಿತು. ರೂಮ್‌ಮೇಟ್ ಕೂಡ ರಕ್ತ ಕೊಟ್ಟು ಬಂದಳು, ಬಳಪದ ಡಬ್ಬಿ ನಾನು ಕಿತ್ತಿಟ್ಟುಕೊಂಡಿದ್ದೇನೆ. ಮುಂದೆ ಊಟದಲ್ಲಿ ಬಿ12 ಎಲ್ಲಿಂದ? ಮೊಟ್ಟೆ ತಿನ್ನಲ್ಲ. ಇಡ್ಲಿ ಹಿಟ್ಟು ಹುಳಿ ಬಂದರೆ ಅದರಲ್ಲಿ ಇರುತ್ತದೆ, ಸ್ಪಿರುಲಿನಾದಲ್ಲಿ ಇರುತ್ತದೆ ಅಂತ ಒಬ್ಬರು ಹೇಳಿದರು.

ರಾತ್ರಿಪಾಳಿ ಡಾಕ್ಟರ್
ಸ್ಪಿರುಲಿನಾದಲ್ಲಿ ಇರುವುದು ಬಹುಪಾಲು ಬಿ12ನ ಹೋಲಿಕೆಯ ವಸ್ತು, ನಮ್ಮ ದೇಹಕ್ಕೆ ಆಗಿಬರುವುದಿಲ್ಲ. ಇಡ್ಲಿಯನ್ನು ನಂಬಿಕೊಂಡು ಕೂರಬೇಡಿ. ಸೊಪ್ಪು, ಕಾಳು, ಹಣ್ಣಿನಲ್ಲಿ ಬಿ12 ಇಲ್ಲ. ಮೊಟ್ಟೆ, ಮೀನು, ಮಾಂಸ ಬೇಡದವರಿಗೆ ಉಳಿಯುವುದು ಹಾಲು, ಮೊಸರು. ದಿನಕ್ಕೆ ಎರಡು ದೊಡ್ಡ ಲೋಟ ಹಾಲು ಅಥವಾ ಅಷ್ಟು ಮೊಸರು ಹೊಟ್ಟೆಗೆ ಹೋದರೆ ಸುಮಾರಾಗಿ ಸಾಕಾಗುತ್ತದೆ. ಮೆಸ್ಸಿನ ಮಜ್ಜಿಗೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದರಲ್ಲಿ ನೀರೇ ಜಾಸ್ತಿ. ಹಾಲೂ ಆಗದಿದ್ದರೆ ಮಾತ್ರೆ, ಅದರಲ್ಲಿ ನಾಚಿಕೆ ಏನಿಲ್ಲ.

ಹಾನಗಲ್ ಆಶಾ
ಶಾಲೆಯಲ್ಲಿ ಮೊಟ್ಟೆ ಬೇಡ ಅಂದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಾರೆ. ಹೊಟ್ಟೆ ತುಂಬುತ್ತದೆ. ಅದರಲ್ಲಿ ಬಿ12 ಇಲ್ಲ ಅಂತ ಪಾಲಕರಿಗೆ ಯಾರೂ ಹೇಳುವುದಿಲ್ಲ. 2013ರಿಂದ ಕ್ಷೀರಭಾಗ್ಯದ ಹಾಲು ಬರುತ್ತಿದೆಯಲ್ಲ, ಆ ಮಕ್ಕಳಿಗೆ ಅದೇ ಆಧಾರ. ಹಾಲು ಬೇಡ ಅಂತ ಚೆಲ್ಲುವ ಮಕ್ಕಳನ್ನು ನೋಡಿದರೆ ಸಂಕಟ ಆಗುತ್ತದೆ.

ಅನಾಮಿಕ 2
ಮೊಟ್ಟೆ ತಿನ್ನಿಸುವ ಹುನ್ನಾರ ಇಲ್ಲೂ ಶುರುವಾಯಿತಾ?

ನಿರ್ವಾಹಕ
ಮೊಟ್ಟೆ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ. ಇದರ ಕೆಳಗೆ ಬಂದ ಹದಿಮೂರು ಉತ್ತರ ತೆಗೆದಿದ್ದೇನೆ.

ಹಾನಗಲ್ ಆಶಾ
ನಾನು ಯಾರ ಬಾಯಿಗೂ ಮೊಟ್ಟೆ ತುರುಕಲು ಬಂದಿಲ್ಲ. ಮಾತ್ರೆ ವಿಷಯ ಹೇಳಿ ಮುಗಿಸುತ್ತೇನೆ. ಶಾಲೆ, ಕಾಲೇಜಿನ ಮಕ್ಕಳಿಗೆ ವಾರಕ್ಕೊಂದು ನೀಲಿ ಐರನ್ ಮಾತ್ರೆ, ಚಿಕ್ಕವರಿಗೆ ಗುಲಾಬಿ, ಬಸುರಿಯರಿಗೆ ದಿನಾ ಕೆಂಪು ಮಾತ್ರೆ. ನಾಲ್ಕನೇ ತಿಂಗಳಿನಿಂದ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ಎಲ್ಲ ಪುಕ್ಕಟೆ. ಆದರೆ ಮಲ ಕಪ್ಪಾಯಿತು ಅಂತ ಹೆದರಿ ಎಸೆಯುತ್ತಾರೆ. ಐರನ್ ಮಾತ್ರೆ ನುಂಗುವಾಗ ಮಲ ಕಪ್ಪಾಗುವುದು ಸಹಜ, ಮೊದಲೇ ಹೇಳಿಬಿಟ್ಟರೆ ಎಸೆಯುವುದಿಲ್ಲ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಕಪ್ಪತಗುಡ್ಡದ ತುಂಬಾ ಕಬ್ಬಿಣ ಇದೆ, ನಮ್ಮ ಹೆಣ್ಣುಮಕ್ಕಳ ಮೈಯಲ್ಲಿ ಇಲ್ಲ.

ಸಂಜೆಯಾದರೆ ಮಗು ಎಡವುತ್ತದೆ, ತಟ್ಟೆ ಹುಡುಕುತ್ತದೆ ಅಂದರೆ ಇರುಳುಗಣ್ಣು ಇರಬಹುದು, ವಿಟಮಿನ್ ಎ ಕಡಿಮೆ. ಒಂಬತ್ತನೇ ತಿಂಗಳಿನಿಂದ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಹಾಕುವ ಹನಿ ತಪ್ಪಿಸಬೇಡಿ. ಹಾಗೇ ಈಗ ಎಲ್ಲರ ಮನೆಯಲ್ಲೂ ಸೈಂಧವ ಉಪ್ಪಿನ ಹುಚ್ಚು. ಅದರಲ್ಲಿ ಸೇರಿಸಿದ ಅಯೋಡಿನ್ ಇರುವುದಿಲ್ಲ. ಬಸುರಿ ಇರುವ ಮನೆಯಲ್ಲಂತೂ ಪ್ಯಾಕೆಟ್ಟಿನ ಅಯೋಡಿನ್ ಉಪ್ಪೇ ಇರಲಿ.

ಮುಂಡರಗಿ ಮೇಷ್ಟ್ರು
ನನ್ನದೂ ಒಂದು ಪ್ರಶ್ನೆ. ನಮ್ಮ ಶಾಲೆಯ ಮಕ್ಕಳ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆ. ಕೆಲವರಿಗೆ ಸುಣ್ಣದ ಪುಡಿ ಉದುರಿಸಿದ ಹಾಗೆ ಬಿಳಿ ಮಸುಕು. ಪಾಲಕರು ಕ್ಯಾಲ್ಸಿಯಂ ಕೊರತೆ ಅಂತ ಸಿರಪ್ ಕುಡಿಸುತ್ತಿದ್ದಾರೆ. ಬಾಟಲಿ ಮೇಲೆ ಬಾಟಲಿ ಖಾಲಿಯಾದರೂ ಗೆರೆ ಹೋಗುತ್ತಿಲ್ಲ. ಅವರ ತಂದೆ ತಾಯಿಗೂ ನಲವತ್ತಕ್ಕೇ ಕುತ್ತಿಗೆ, ಸೊಂಟ ಬಿಗಿತ. ಇಡೀ ಊರಿಗೆ ಒಂದೇ ಕೊರತೆ ಬರುತ್ತದಾ?

ದಂತವೈದ್ಯ (ಕೇಶ್ವಾಪುರ)
ಸರ್, ಇದು ಕೊರತೆಯಲ್ಲ, ಅತಿಯಾದದ್ದು. ಫ್ಲೋರೈಡ್. ನಿಮ್ಮ ತಾಲ್ಲೂಕಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅನ್ನುವುದು ಹಳೆಯ ವಿಷಯ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಒಸಡಿನ ಒಳಗೆ ಹಲ್ಲು ತಯಾರಾಗುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಆ ನೀರು ಕುಡಿದರೆ ಗೆರೆ ಹಲ್ಲಿನ ಜೊತೆಗೇ ಹುಟ್ಟುತ್ತದೆ. ಎಡಬಲ ಜೋಡಿ ಹಲ್ಲುಗಳಲ್ಲಿ ಒಂದೇ ತರಹ ಇರುತ್ತದೆ. ಉಜ್ಜಿದರೂ ಹೋಗದು, ಸಿರಪ್ ಕುಡಿಸಿದರೂ ಹೋಗದು. ಊರಿಗೆ ಊರೇ ಹೀಗಿದ್ದರೆ ನೀರನ್ನು ನೋಡಬೇಕು, ಊಟವನ್ನಲ್ಲ.

ರಾತ್ರಿಪಾಳಿ ಡಾಕ್ಟರ್
ದೊಡ್ಡವರನ್ನು ಹೀಗೆ ಪರೀಕ್ಷೆ ಮಾಡಿ ನೋಡಿ ಮೇಷ್ಟ್ರೇ. ಗದ್ದವನ್ನು ಎದೆಗೆ ತಾಗಿಸಲು ಹೇಳಿ. ಮಂಡಿ ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟಲು ಹೇಳಿ. ಎರಡೂ ಕೈಗಳನ್ನು ತಲೆಯ ಹಿಂದೆ ಹಿಡಿಯಲು ಹೇಳಿ. ಇವು ಆಗದವರು ಜಾಸ್ತಿ ಸಿಕ್ಕರೆ ಆರೋಗ್ಯ ಇಲಾಖೆಗೆ ತಿಳಿಸಿ. ಫ್ಲೋರೋಸಿಸ್‌ಗೇ ಅಂತ ರಾಷ್ಟ್ರೀಯ ಕಾರ್ಯಕ್ರಮ ಇದೆ.

ಹಾಗಂತ ಕ್ಯಾಲ್ಸಿಯಂ ಬೇಡವೇ ಬೇಡ ಅಂತಲ್ಲ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಮಕ್ಕಳಿಗೆ ಫ್ಲೋರೈಡಿನ ಹಾನಿ ಜಾಸ್ತಿ. ಶಾಲೆಯ ಹಾಲು, ಮನೆಯ ರಾಗಿ ಗಂಜಿ ಮುಂದುವರಿಯಲಿ. ಸಿರಪ್ಪಿನ ದುಡ್ಡಿಗೆ ಒಳ್ಳೆಯ ನೀರು ತರಲಿ.

ಮುಂಡರಗಿ ಮೇಷ್ಟ್ರು
ಪಂಚಾಯಿತಿಯ ಟೆಸ್ಟ್ ಕಿಟ್ಟಿನಲ್ಲಿ ಶಾಲೆಯ ಬೋರ್ ನೀರು ನೋಡಿಸಿದೆ. ಮಿತಿಗಿಂತ ಮೇಲೆ ತೋರಿಸಿತು. ಬಿಸಿಯೂಟಕ್ಕೂ ಅದೇ ನೀರು ಬಳಸುತ್ತಿದ್ದೆವು. ಈಗ ಕುದಿಸಿ ಆರಿಸಿ ಕೊಡುತ್ತಿದ್ದೇವೆ.

ದಂತವೈದ್ಯ (ಕೇಶ್ವಾಪುರ)
ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಸರ್. ನೀರು ಆವಿಯಾಗಿ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಶುದ್ಧ ನೀರಿನ ಘಟಕದ ನೀರು ಅಥವಾ ನಲ್ಲಿಯಲ್ಲಿ ಬರುವ ತುಂಗಭದ್ರಾ ನೀರನ್ನು ಕುಡಿಯಲು, ಅಡುಗೆಗೆ ಬಳಸಿ. ಬೋರ್ ನೀರು ಪಾತ್ರೆ ತೊಳೆಯಲು ಇರಲಿ.

ರಾಣೆಬೆನ್ನೂರು ಮಗ
ಎಳೆ ಪೂರ್ತಿ ಓದಿದೆ. ನಮ್ಮ ತಂದೆಗೆ 64 ವರ್ಷ. ತಲೆ ತಿರುಗುತ್ತದೆ, ಬಹಳ ಸುಸ್ತು, ಮುಖ ಬಿಳಿಚಿಕೊಂಡಿದೆ. ನಿನ್ನೆ ಹಿಮೋಗ್ಲೋಬಿನ್ 7.9 ಬಂತು. ಬೀಟ್‌ರೂಟ್ ಜ್ಯೂಸ್, ಖರ್ಜೂರ ಕೊಡುತ್ತಿದ್ದೇವೆ. ಮಲ ಟಾರಿನ ಹಾಗೆ ಕಪ್ಪು, ಅಂಟು ಅಂಟು. ಮೇಲೆ ಆಶಾ ಅಕ್ಕ ಕಪ್ಪಾಗುವುದು ಸಹಜ ಅಂದಿದ್ದಾರೆ, ಹಾಗಾಗಿ ಸಮಾಧಾನ ಆಯಿತು. ಯಾವ ಐರನ್ ಮಾತ್ರೆ ಶುರು ಮಾಡಲಿ?

ರಾತ್ರಿಪಾಳಿ ಡಾಕ್ಟರ್
ಅವರು ಈಗಾಗಲೇ ಐರನ್ ಮಾತ್ರೆ ತಗೊಳ್ಳುತ್ತಿದ್ದಾರಾ? ನೋವಿನ ಮಾತ್ರೆ?

ರಾಣೆಬೆನ್ನೂರು ಮಗ
ಐರನ್ ಇನ್ನೂ ಶುರು ಮಾಡಿಲ್ಲ. ಮಂಡಿಗೆ ನೋವಿನ ಮಾತ್ರೆ ಬಹಳ ದಿನದಿಂದ ನಡೆದಿದೆ, ಅಂಗಡಿಯಿಂದ ತರುತ್ತೇವೆ.

ರಾತ್ರಿಪಾಳಿ ಡಾಕ್ಟರ್
ಹಾಗಾದರೆ ಮಲ ಕಪ್ಪಾಗಲು ಐರನ್ ಕಾರಣ ಅಲ್ಲ. ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು. ಇದು ವಿಟಮಿನ್ ವಿಷಯವೇ ಅಲ್ಲ. ನಾಳೆ ಬೆಳಗಿನ ಓಪಿಡಿಗೆ ಕಾಯಬೇಡಿ, ಈಗಲೇ ಹೊರಡಿ. ತಲೆ ತಿರುಗುವವರನ್ನು ಬೈಕಿನಲ್ಲಿ ಕೂರಿಸಬೇಡಿ, 108ಕ್ಕೆ ಕರೆ ಮಾಡಿ. ನೋವಿನ ಮಾತ್ರೆ ಇನ್ನು ಒಂದೂ ಬೇಡ.

ರಾಣೆಬೆನ್ನೂರು ಮಗ
108ಕ್ಕೆ ಹೇಳಿದೆ, ಬರುತ್ತಿದೆ. ಏನಾದರೂ ತಿನ್ನಿಸಿ ಕರೆದುಕೊಂಡು ಹೋಗಲಾ? ಮಧ್ಯಾಹ್ನ ಊಟ ಸರಿಯಾಗಿ ಮಾಡಿಲ್ಲ.

ರಾತ್ರಿಪಾಳಿ ಡಾಕ್ಟರ್
ಏನೂ ತಿನ್ನಿಸಬೇಡಿ, ಎಂಡೋಸ್ಕೋಪಿ ಮಾಡಬೇಕಾಗಬಹುದು. ನೋವಿನ ಮಾತ್ರೆಯ ಖಾಲಿ ಹಾಳೆಗಳು, ನಿನ್ನೆಯ ರಿಪೋರ್ಟ್ ಎರಡೂ ಜೊತೆಗೆ ಇರಲಿ. ಬಿಪಿ, ಹೃದಯ, ರಕ್ತ ತೆಳು ಮಾಡುವ ಮಾತ್ರೆ ಏನಾದರೂ ಇದ್ದರೆ ಅದನ್ನೂ ತಗೊಳ್ಳಿ. ಎಮರ್ಜೆನ್ಸಿಯಲ್ಲಿ ಮೊದಲು ಹೇಳಬೇಕಾದ ಮಾತು ಮಲ ಕಪ್ಪಾಗಿದೆ ಅನ್ನುವುದು. ಸುಸ್ತು ಅಂತ ಶುರು ಮಾಡಿದರೆ ಸಾಲಿನಲ್ಲಿ ಕೂರಿಸುತ್ತಾರೆ. ರಕ್ತ ಹಾಕಬೇಕಾಗಬಹುದು, ಹಾಗಾಗಿ ಮನೆಯಿಂದ ಇನ್ನೊಬ್ಬರನ್ನೂ ಜೊತೆಗೆ ಕರೆದುಕೊಳ್ಳಿ.